ದೇವರ ಮೀನಿಗೆ ಇಟ್ಟ ಬೆಳ್ತಿಗೆ ಅಕ್ಕಿ

ಇದು ನಡೆದದ್ದು 1964ರ ಡಿಸೆಂಬರಿನಲ್ಲಿ. ನಮ್ಮ ಯಜಮಾನರು ಓವರ್‌ಸಿಯರ್ ಕೆಲಸದಿಂದ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಜೀವಮಾನವಿಡೀ ಪುತ್ತೂರು, ಕಡಬ, ಸುಳ್ಯದ ರಸ್ತೆಗಳನ್ನು ಅಳೆದವರು ಇನ್ನಾದರೂ ಮನೆಯಲ್ಲಿ ಕುಳಿತಾರು ಎಂದುಕೊಂಡಿದ್ದೆ. ಇವರು ನೋಡಿದರೆ ಯಾವುದೋ ಎಸ್ಟೇಟಿನವರು ಮಾರಿದ ಹಳೆಯ ವ್ಯಾನೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಆಚಾರಿಯನ್ನು ಕರೆಸಿ ಅದರೊಳಗೆ ಮಲಗಲು ಎರಡು ಬೆಂಚು, ಸೀಮೆಎಣ್ಣೆ ಸ್ಟೌವಿಗೆ ಒಂದು ಹಲಗೆ, ಪಾತ್ರೆಗಳಿಗೆ ಒಂದು ಗೂಡು ಮಾಡಿಸಿದರು.

"ಇನ್ನು ನಿನಗೆ ಊರೆಲ್ಲ ತೋರಿಸುದು. ಮನೆಯೇ ಒಟ್ಟಿಗೆ ಬರ್ತದೆ," ಎಂದರು.

ಮನೆ ಒಟ್ಟಿಗೆ ಬಂದರೆ ಅಡುಗೆಮನೆಯೂ ಒಟ್ಟಿಗೆ ಬರುತ್ತದೆ ಎಂಬುದು ಈ ಮಹಾನುಭಾವರಿಗೆ ಹೊಳೆಯಲಿಲ್ಲ. ಹೊರಟಲ್ಲೆಲ್ಲ ಇವರು ಗುಡ್ಡ ನೋಡುತ್ತಿದ್ದರು, ನಾನು ಸ್ಟೌವಿಗೆ ಗಾಳಿ ಹೊಡೆಯುತ್ತಿದ್ದೆ.

ನನಗೆ ನೋಡಬೇಕಾಗಿದ್ದದ್ದು ಒಂದೇ ಜಾಗ, ತೊಡಿಕಾನದ ದೇವಸ್ಥಾನದ ಬಳಿಯ ಹೊಳೆಯಲ್ಲಿರುವ ದೇವರ ಮೀನಿನ ಗುಂಡಿ. ಮದುವೆಯಾದ ಮರುವರ್ಷ ಇವರಿಗೆ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದ್ದರು. ಪಂಡಿತರು ಕೈಚೆಲ್ಲಿದ ದಿನ ನಾನು ಹರಕೆ ಹೇಳಿಕೊಂಡಿದ್ದೆ: ಇವರು ಎದ್ದು ಕುಳಿತರೆ ಒಂದು ಸೇರು ಬೆಳ್ತಿಗೆ ಅಕ್ಕಿಯನ್ನು ನನ್ನ ಕೈಯಾರೆ ಆ ಮೀನುಗಳಿಗೆ ಹಾಕುತ್ತೇನೆ ಎಂದು. ಇವರು ಎದ್ದು ಕುಳಿತರು. ಆಮೇಲೆ ನಾನು ತೊಡಿಕಾನದ ಮಾತೆತ್ತಿದಾಗಲೆಲ್ಲ "ಹೋಗುವ ಮಾರಾಯ್ತಿ, ಬರುವ ವರ್ಷ ಹೋಗುವ" ಎನ್ನುತ್ತ ಇಪ್ಪತ್ತೇಳು ವರ್ಷ ಕಳೆದರು.

ಆ ಸಲ ವ್ಯಾನು ಸುಳ್ಯದ ಕಡೆಗೇ ಹೊರಡುವುದೆಂದು ನಿಶ್ಚಯವಾಯಿತು. ನಾನು ಒಂದು ಸೇರು ಬೆಳ್ತಿಗೆ ಅಳೆದು, ಕಲ್ಲು ಆರಿಸಿ, ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ಬೆಂಚಿನ ಅಡಿಯಲ್ಲಿಟ್ಟೆ. ಇವರಿಗೂ ತೋರಿಸಿದೆ. "ಹೂಂ" ಎಂದರು.

ಹೊರಡುವ ಹಿಂದಿನ ದಿನ ಮೈಸೂರಿನಿಂದ ಭಾವ ಮತ್ತು ಅಕ್ಕ ಬಂದಿಳಿದರು. ಭಾವ ಎಂದರೆ ಇವರ ಅಣ್ಣ. ಹುಟ್ಟಿದ್ದು ಪುತ್ತೂರಿನಲ್ಲೇ ಆದರೂ ಮೂವತ್ತು ವರ್ಷದಿಂದ ಮೈಸೂರಿನವರು. ಅಕ್ಕ ಎಂದರೆ ಭಾವನ ಹೆಂಡತಿ, ಮೈಸೂರಿನಲ್ಲೇ ಹುಟ್ಟಿ ಬೆಳೆದವರು. ವ್ಯಾನು ನೋಡಿದ್ದೇ ತಡ, "ನಾವೂ ಬರ್ತೀವಿ ಕಣೇ, ಎರಡು ದಿನ ತಾನೆ!" ಎಂದು ಅಕ್ಕ ಕಿಟಕಿಯ ಬದಿಯ ಬೆಂಚು ಹಿಡಿದರು.

ಎರಡು ದಿನ ಐದು ದಿನವಾಯಿತು. ಯಾಕೆಂದರೆ ಇವರು ರಸ್ತೆಯ ಅಡಿಗೆ ತಾವು ಕಟ್ಟಿಸಿದ ಒಂದೊಂದು ಮೋರಿಯ ಬಳಿಯೂ ವ್ಯಾನು ನಿಲ್ಲಿಸಿ ಅಣ್ಣನಿಗೆ ತೋರಿಸುತ್ತಿದ್ದರು. ಕಡಬ ದಾಟುವುದರೊಳಗೆ ಹನ್ನೊಂದು ಮೋರಿಗಳಾದವು. ಸುಬ್ರಹ್ಮಣ್ಯದಲ್ಲಿ ಮೂವರೂ ಹೊಳೆಗೆ ಹೋಗಿ ಮಿಂದು, ದೇವರನ್ನು ನೋಡಿ, ಪೇಟೆ ಸುತ್ತಿ ಬಂದರು. ನಾನು ತೊವ್ವೆಗೆ ಒಗ್ಗರಣೆ ಹಾಕಿ, ಗರ್ಭಗುಡಿಯ ಬಾಗಿಲು ಹಾಕುವ ಹೊತ್ತಿಗೆ ಓಡಿಹೋಗಿ ಕೈಮುಗಿದು ಬಂದೆ.

ನಮ್ಮ ಕಡೆ ದಿನದ ಊಟಕ್ಕೆ ಕುಚ್ಚಲಕ್ಕಿ. ಬಿಳಿಯ ಬೆಳ್ತಿಗೆ ದೇವರ ಕಾರ್ಯಕ್ಕೆ, ದೋಸೆಗೆ, ಬಿಟ್ಟರೆ ಘಟ್ಟದ ಮೇಲಿನ ನೆಂಟರಿಗೆ. ಭಾವ–ಅಕ್ಕನಿಗೆಂದು ನಾನು ಬೇರೆಯಾಗಿ ತಂದಿದ್ದ ಬೆಳ್ತಿಗೆ ಮೂರನೆಯ ದಿನವೇ ಮುಗಿಯಿತು. ಅನಂತರ ಕುಚ್ಚಲಕ್ಕಿ ಅನ್ನ ಬಡಿಸಿದಾಗ ಅಕ್ಕ ಒಂದೊಂದೇ ಅಗುಳನ್ನು ಬೆರಳಲ್ಲಿ ಹೊರಳಿಸಿ ನೋಡಿದರು. "ಇದನ್ನ ಅಗೀಬೇಕಾ, ಹಾಗೇ ನುಂಗಬೇಕಾ?" ಎಂದರು. ಹುಟ್ಟಿದಾಗಿನಿಂದ ಅದನ್ನೇ ಉಂಡು ಬೆಳೆದ ಭಾವನೂ ಹೊಟ್ಟೆ ಸವರಿಕೊಂಡು, "ನನಗೂ ಈಗ ಇದು ಆಗುದಿಲ್ಲ," ಎಂದರು.

ಐದನೆಯ ದಿನ ಸುಳ್ಯ ದಾಟಿ ಅರಂತೋಡಿನ ಬಳಿ ಹೊಳೆಯ ಬದಿಯಲ್ಲಿ ವ್ಯಾನು ನಿಂತಿತು. ಊಟ ಮುಗಿಸಿ ತೊಡಿಕಾನಕ್ಕೆ ಹೋಗುವುದೆಂದು ಮಾತಾಗಿತ್ತು. ಹರಕೆಗೆ ಮಿಂದು ಹೋಗಬೇಕೆಂದು ನಾನು ಸೀರೆ ಹಿಡಿದು ಹೊರಟಾಗ ಅಕ್ಕ, "ನೀನು ನಿಧಾನವಾಗಿ ಮಿಂದು ಬಾ. ಇವತ್ತಿನ ಅಡುಗೆ ನಂದು," ಎಂದರು. ಐದು ದಿನದಲ್ಲಿ ಮೊದಲ ಸಲ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಮಿಂದು ತಲೆ ಒರೆಸಿಕೊಂಡು ಬರುವಾಗ ಮೂವರೂ ಎಲೆ ಹಾಕಿಕೊಂಡು ಉಣ್ಣುತ್ತಿದ್ದರು. ಎಲೆಯ ಮೇಲೆ ಮಲ್ಲಿಗೆಯಂಥ ಬಿಳಿ ಅನ್ನ.

"ಅಲ್ಲ ಕಣೇ, ಇಷ್ಟು ಒಳ್ಳೇ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಕೊಂಡು ನಮಗೆ ಆ ಗುಂಡು ಅನ್ನ ಹಾಕ್ತಿದ್ಯಲ್ಲ!" ಎಂದು ಅಕ್ಕ ನಕ್ಕರು.

ಬಾಗಿ ಬೆಂಚಿನ ಅಡಿ ನೋಡಿದೆ. ಡಬ್ಬ ಖಾಲಿ.

"ಆ ಡಬ್ಬ ತೆಗೆದುಕೊಟ್ಟದ್ದು ಯಾರು?"

"ನಾನೇ," ಎಂದರು ಇವರು, ಸಾರು ಸುರಿದುಕೊಳ್ಳುತ್ತ. "ಬೆಳ್ತಿಗೆ ಉಂಟಾ ಅಂತ ಅತ್ತಿಗೆ ಕೇಳಿದ್ರು. ಉಂಟಲ್ಲ, ಕೊಟ್ಟೆ. ಎಂತ ಆಯ್ತು ಈಗ?"

ಎಂತ ಆಯ್ತು! ಅದು ಯಾವ ಅಕ್ಕಿ ಎಂದು ಹೇಳಿದೆ. ಅಕ್ಕ ಪಾಪ, ಬಾಯಿಗೆ ಹೋಗುತ್ತಿದ್ದ ತುತ್ತನ್ನು ಎಲೆಗೆ ಬಿಟ್ಟು, "ಅಯ್ಯೋ, ನನಗೆ ಯಾರೂ ಹೇಳ್ಲಿಲ್ಲವಲ್ಲೇ," ಎಂದು ಅಳುಮುಖ ಮಾಡಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ಹೇಗೆ ಗೊತ್ತಿರಬೇಕು? ಯಾರ ಜೀವ ಉಳಿಯಲೆಂದು ಆ ಹರಕೆ ಹೇಳಿದ್ದೆನೋ ಅವರೇ ಆ ಅಕ್ಕಿಯನ್ನು ಮೂರನೆಯ ಸಲ ಬಡಿಸಿಕೊಂಡು ಕುಳಿತಿದ್ದರು. ತೋರಿಸಿದಾಗ "ಹೂಂ" ಎಂದಿದ್ದರಲ್ಲ, ಅದನ್ನು ನೆನೆದು ನನಗೆ ಅಳುವೇ ಬಂತು.

"ಅದಕ್ಕೆಂತ, ಸುಳ್ಯ ಪೇಟೆಗೆ ಹೋಗಿ ಬೇರೆ ಅಕ್ಕಿ ತರುವ," ಎಂದರು.

"ಬೇಡ," ಎಂದೆ. "ಹರಕೆಯ ಅಕ್ಕಿ ಉಂಡವರು ಮೂರು ಮನೆ ಬೇಡಿ ತರಬೇಕು." ಹಾಗೆ ಬೇಡಿ ಹರಕೆ ತೀರಿಸುವ ಕ್ರಮ ನಮ್ಮಲ್ಲಿ ಇದ್ದೇ ಇದೆ. ಆದರೆ ನಾನು ಹಾಗೆಂದದ್ದು ಶಾಸ್ತ್ರಕ್ಕಲ್ಲ, ಸಿಟ್ಟಿಗೆ. ಸುಳ್ಳು ಯಾಕೆ ಹೇಳಲಿ.

"ನಾನಾ? ಬೇಡುದಾ? ಈ ರಸ್ತೆಗೆ ಮೋರಿ ಹಾಕಿಸಿದವ ನಾನು! ಇಲ್ಲಿಯವರಿಗೆಲ್ಲ ನನ್ನ ಗುರ್ತ ಉಂಟು."

"ಒಳ್ಳೆಯದೇ ಆಯ್ತು. ಗುರ್ತ ಇದ್ದರೆ ಅಕ್ಕಿ ಬೇಗ ಸಿಗ್ತದೆ."

ವ್ಯಾನು ತೊಡಿಕಾನಕ್ಕೆ ಹೊರಟಿತು. ದಾರಿಯಲ್ಲಿ ಎರಡು ಮೋರಿಗಳು ಬಂದವು, ಇವರು ನಿಲ್ಲಿಸಲಿಲ್ಲ.

ಅಲ್ಲಿ ಇಳಿದು ಇವರು ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಕೈಗೆ ತೆಗೆದುಕೊಂಡರು. ನಾನು ಹಿಂದೆ ನಡೆದೆ. ಮೊದಲ ಮನೆಯಲ್ಲಿ "ಒಂದು ಹರಕೆ ಉಂಟು" ಎಂದಷ್ಟೇ ಹೇಳಿದರು, ಒಂದು ಮುಷ್ಟಿ ಅಕ್ಕಿ ಸಿಕ್ಕಿತು. ಎರಡನೆಯದರಲ್ಲಿ "ಹೆಂಡತಿಯ ಹರಕೆ" ಎಂದರು, ಎರಡು ಮುಷ್ಟಿ. ಮೂರನೆಯ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ಮುದುಕಿಗೆ ನಿಜವಾಗಿಯೂ ಇವರ ಗುರುತಿತ್ತು.

"ಓವರ್‌ಸಿಯರ್ರಲ್ವಾ? ಎಂತ ಹರಕೆ ಮಾರಾಯ್ರೆ?"

ಇವರು ತಿರುಗಿ ನನ್ನನ್ನು ನೋಡಿದರು. ನಾನು ಹಲಸಿನ ಮರ ನೋಡಿದೆ.

"ನನಗೆ ಜ್ವರ ಬಂದಿತ್ತು," ಎಂದರು ಮೆಲ್ಲಗೆ. "ಸಾಯಬೇಕಿತ್ತು. ಇವಳು ಮೀನಿಗೆ ಅಕ್ಕಿ ಹೇಳಿಕೊಂಡಳು, ಬದುಕಿದೆ. ಇಪ್ಪತ್ತೇಳು ವರ್ಷ ಇವಳನ್ನು ಇಲ್ಲಿಗೆ ಕರ್ಕೊಂಡು ಬರ್ಲಿಲ್ಲ. ಇವತ್ತು ಬಂದೆ. ಬರುವ ದಾರಿಯಲ್ಲಿ ಆ ಅಕ್ಕಿ ನಾನೇ ಉಂಡೆ."

ಮುದುಕಿ ಮೆಟ್ಟುಗತ್ತಿಯಿಂದ ಕೈ ತೆಗೆದು, "ಹಾಗಾದ್ರೆ ಮೀನಿಗೆ ಹಾಕುವ ಮೊದಲು ಅವಳ ಕಾಲು ಹಿಡೀಬೇಕಿತ್ತು ನೀವು," ಎಂದರು. ಒಳಗೆ ಹೋಗಿ ಸೇರು ತುಂಬ ಬೆಳ್ತಿಗೆ ತಂದು ಬೈರಾಸಿಗೆ ಸುರಿದರು. ಇವರು ಅದರ ನಾಲ್ಕೂ ತುದಿ ಸೇರಿಸಿ ಗಂಟು ಕಟ್ಟಿದರು.

ಹೊಳೆಯ ಗುಂಡಿಯ ಬಳಿ ಇವರು ಬೈರಾಸು ಹಿಡಿದು ನಿಂತರು, ನಾನು ಹಿಡಿಹಿಡಿಯಾಗಿ ಹಾಕಿದೆ. ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಂದವು. ಭಾವ–ಅಕ್ಕ ದಡದಲ್ಲಿ ಕೈಮುಗಿದು ನಿಂತಿದ್ದರು. ಐದು ದಿನದಲ್ಲಿ ನಾನು ಕಣ್ಣುತುಂಬ ನೋಡಿದ್ದು ಅದೊಂದೇ. ಆದರೆ ಇವತ್ತಿಗೂ ನೆನಪಿಗೆ ಮೊದಲು ಬರುವುದು ಮೀನುಗಳಲ್ಲ, ಆ ಜಗಲಿಯ ಮುಂದೆ ಇವರು ಹೇಳಿದ ಮಾತು. ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಅದನ್ನು ನನಗೆ ಹೇಳಿದ್ದರೆ ನಾನು ಅವರನ್ನು ಬೇಡಲು ಕಳಿಸುತ್ತಿರಲಿಲ್ಲ.

ವ್ಯಾನು ಈಗ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದೆ. ಮನೆಯಲ್ಲಿ ಬೆಳ್ತಿಗೆ ಅನ್ನ ಮಾಡಿದ ದಿನ ಇವರು ಎಲೆಯ ಮುಂದೆ ಕುಳಿತು, ಕೈ ಹಾಕುವ ಮೊದಲು, "ಇದು ಯಾರ ಪಾಲಿನದ್ದು?" ಎಂದು ಕೇಳುತ್ತಾರೆ. ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಸ್ವಲ್ಪ ಹೊತ್ತು ಕಾಯಲಿ.