ಪಾಠಕ್ಕೆ ತರಿಸಿದ ಬಲೆ

ತೊಂಬತ್ತರ ದಶಕದ ನಡುವೆ ನಾನು ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದೆ. ಬುಡಕಟ್ಟು ಜನರ ಬಗ್ಗೆ ಪುಸ್ತಕದಲ್ಲಿದ್ದದ್ದು ಒಂದೇ ಪುಟ. ಅವರೆಲ್ಲ ಎಂದೋ ಆಗಿಹೋದವರು ಅನ್ನುವ ಹಾಗೆ ಬರೆದಿದ್ದರು. ಅದನ್ನು ಓದಿಸುವಾಗ ಮೂರನೇ ಬೆಂಚಿನಲ್ಲಿ ಹಕ್ಕಿಪಿಕ್ಕಿ ಕಾಲೊನಿಯ ಹುಡುಗಿ ತಲೆ ಬಗ್ಗಿಸಿ ಕೂತಿದ್ದಳು. ಆ ಕಾಲೊನಿಯಿಂದ ಏಳನೇ ಕ್ಲಾಸಿನವರೆಗೆ ಬಂದವಳು ಅವಳೊಬ್ಬಳೇ. ನನಗೆ ರೇಗಿತು. ಪುಸ್ತಕ ಮುಚ್ಚಿ, "ನಾಳೆ ನಿಮ್ಮ ತಾತನನ್ನು ಕರಕೊಂಡು ಬಾ, ಹಕ್ಕಿ ಹಿಡಿಯೋ ಬಲೆನೂ ತರಲಿ. ಪಾಠ ಅವರೇ ಮಾಡಲಿ" ಅಂದೆ. ಒಂದು ವಿಷಯ ತಲೆಗೆ ಹೊಕ್ಕರೆ ಮುಗಿಯಿತು, ಹಿಂದುಮುಂದು ನೋಡುವವಳಲ್ಲ ನಾನು.

ತಾತ ಬಂದರು. ಗೋಣಿಚೀಲದಿಂದ ಬಲೆ ತೆಗೆದು ಕಿಟಕಿಯಿಂದ ಕಪ್ಪುಹಲಗೆಯವರೆಗೆ ಕಟ್ಟಿದರು. ಹಳೆಯ ನೂಲು, ಕೈಯಿಂದ ಹೆಣೆದದ್ದು. ಹಿಂದೆ ಯಾವ ಕಾಡಿನಲ್ಲಿ ಬೀಡು ಬಿಡುತ್ತಿದ್ದರು, ಮೊಟ್ಟೆಯಿಡುವ ಕಾಲದಲ್ಲಿ ಬಲೆ ಯಾಕೆ ಮುಟ್ಟುತ್ತಿರಲಿಲ್ಲ, ಕಾಡಿಗೆ ಹೋಗಕೂಡದು ಅಂದ ಮೇಲೆ ಎಲ್ಲೆಲ್ಲಿ ಅಲೆದರು ಎಂದು ಹೇಳಿದರು. ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ಗೌಜಲಹಕ್ಕಿಯಂತೆ ಕೂಗಿದರು. ಹುಡುಗಿಯ ತಲೆ ಮೊದಲ ಸಲ ಮೇಲೆದ್ದಿತ್ತು.

ಆಗಲೇ ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. "ಯಾರೋ ಏಳ್ಬುಟ್ಟವ್ರೆ. ಫಾರೆಸ್ಟಿನೋರು ಬಂದವ್ರೆ. ಬಲೆ ಸಿಕ್ಕಿದ್ರೆ ಮುದುಕನ್ನ ಎತ್ತಾಕ್ಕೊಂಡು ಓಯ್ತಾರೆ."

ಬಲೆ ಅಂದರೆ ಪಾಠ ಅಂದುಕೊಂಡಿದ್ದೆ. ಹಕ್ಕಿ ಹಿಡಿದರೆ ಕೇಸು, ಅದಕ್ಕೆ ಈ ಬಲೆಯೇ ಸಾಕ್ಷಿಯಾಗಬಹುದು ಅನ್ನುವುದು ಹೊಳೆದೇ ಇರಲಿಲ್ಲ. ಅವರು ಮನೆಯೊಳಗೆ ಬಚ್ಚಿಟ್ಟದ್ದನ್ನು ನಾನೇ ಬಯಲಿಗೆ ತರಿಸಿದ್ದೆ. ವಿಷಯ ತಿಳಿದ ತಾತ ಬಲೆ ಬಿಚ್ಚಲು ಹೋದರು. ಬಿಗಿದ ಗಂಟು ಬಿಚ್ಚಿಕೊಳ್ಳಲಿಲ್ಲ. ಗಾರ್ಡು ಒಳಗೆ ಬಂದೇಬಿಟ್ಟ.

"ಯಾರದ್ಲಾ ಇದು?"

ತಾತ ಬಾಯಿ ತೆರೆಯುವ ಮುಂಚೆ ನಾನು ಅಡ್ಡ ನಿಂತೆ. "ಶಾಲೇದು. ಪಾಠೋಪಕರಣ. ಹೆಂಗೆ ಹೆಣೆದಿದ್ದಾರೆ ಅಂತ ತೋರಿಸೋಕೆ ಇವರನ್ನ ಕರೆಸಿದ್ದೀನಿ."

ಅವನು ಮಕ್ಕಳ ಕಡೆ ತಿರುಗಿದ. "ನಿಜ್ವೇನ್ರೋ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳು ಹೇಳಬೇಡಿ ಎಂದು ಅವರಿಗೆ ದಿನಾ ಬಾಯಿ ಬಡಿದುಕೊಂಡವಳು ನಾನೇ. ಕೊನೆಗೆ ಆ ಹುಡುಗಿ ಎದ್ದು ನಿಂತಳು.

"ಊಂ ಸಾ, ಸ್ಕೂಲ್ದೇಯ" ಅಂದಳು.

"ಅಂಗಾರೆ ಬೀರುನಲ್ಲಿಟ್ಟು ಬೀಗ ಆಕಿ. ಇದು ಈಚೆ ಬಂದ್ರೆ ನಾನ್ ಬುಡಾಕಿಲ್ಲ" ಅಂದ ಗಾರ್ಡು, ನಿಂತಿದ್ದು ಬೀಗ ಹಾಕಿಸಿಯೇ ಹೋದ.

ತಾತ ಖಾಲಿ ಗೋಣಿಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ನಮ್ಮವ್ವ ಎಣೆದಿದ್ದು ಕಣವ್ವ" ಎಂದಷ್ಟೇ ಹೇಳಿದರು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಹುಡುಗಿ ಇನ್ನು ಶಾಲೆಗೆ ಬರುವುದಿಲ್ಲ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಬೀರುವಿನ ಮುಂದೆ ನಿಂತಿದ್ದಳು, ಕೈಯಲ್ಲಿ ಬೇವಿನ ಸೊಪ್ಪು. "ಉಳ ಬೀಳ್ದಂಗೆ ಮಡಗ್ಬೇಕಂತೆ. ತಾತ ಕೊಟ್ಟದೆ." ಬೀಗ ತೆಗೆದೆ. ಬಲೆಯ ಒಂದೊಂದು ಮಡಿಕೆಗೂ ಅವಳೇ ಸೊಪ್ಪು ಇಟ್ಟಳು. ಆಮೇಲೆ, "ಯಾವಾಗ ಕೊಡ್ತೀರಾ ಮೇಡಮ್ಮೋರೆ?" ಅಂದಳು.

ಪರೀಕ್ಷೆ ಮುಗಿಯಲಿ ಅಂದೆ. ಪರೀಕ್ಷೆ ಮುಗಿಯಿತು, ಅವಳು ಪಾಸಾದಳು. ಜೂನಿನಲ್ಲಿ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಬಲೆ ಒಳಗೇ ಇದ್ದ ಬೀರುವಿನ ಬೀಗದಕೈಯನ್ನು ಹೆಡ್ ಮಾಸ್ತರ ಕೈಗೆ ಕೊಟ್ಟು ಬಸ್ಸು ಹತ್ತಿದೆ.