ರಾಟೆ ಕೂಗದ ಬೆಳಗು

ಬೆಳಿಗ್ಗೆ ಆರೂಕಾಲಕ್ಕೆ ರಾಟೆ ಕೂಗಲಿಲ್ಲ. ಎಲ್ಲವೂ ಕೆಟ್ಟದ್ದು ಅಲ್ಲಿಂದ. ಯಡ್ತರೆಯಲ್ಲಿ ನಾವಿರುವ ಬಾಡಿಗೆ ಮನೆಯ ಕಿಟಕಿಯ ಕೆಳಗೇ ಪಕ್ಕದ ಸುಧಾಕರ ಶೆಟ್ಟರ ಬಾವಿ. ಅದರ ತುಕ್ಕು ಹಿಡಿದ ರಾಟೆಯೇ ನನ್ನ ಪಾಲಿನ ಅಲಾರಾಂ. ಆ ಕರ್ಕಶ ಸ್ವರವನ್ನು ವರ್ಷಗಟ್ಟಲೆ ಶಪಿಸಿದ ನಾನು, ಅದು ಮೌನ ತಾಳಿದ ದಿನ ಎಚ್ಚರವಾಗದೆ, ಕಾಲೇಜಿಗೆ ವಿದ್ಯಾರ್ಥಿಗಳಿಗಿಂತ ತಡವಾಗಿ ಹೋಗಿ, ಸಮಯಪಾಲನೆಯ ಕುರಿತು ನಾನೇ ಮಾಡಿದ್ದ ಭಾಷಣಗಳಿಗೆಲ್ಲ ಅಪಚಾರ ಎಸಗಿದೆ. ಯಾರೋ ಪುಣ್ಯಾತ್ಮರು ಎಣ್ಣೆ ಬಿಟ್ಟಿರಬೇಕೆಂದುಕೊಂಡೆ. ಸಂಜೆ ನೋಡಿದರೆ ರಾಟೆಯೇ ಇರಲಿಲ್ಲ.

ಅದನ್ನು ದಿನವೂ ಕೂಗಿಸುತ್ತಿದ್ದವರು ಗಿರಿಜಕ್ಕ. ಬುಟ್ಟಿ ಹೊತ್ತು ಮೀನು ಮಾರುವ ಒಂಟಿ ಹೆಂಗಸು. ಮರವಂತೆಯಲ್ಲಿ ಅವರ ಮನೆಯನ್ನು ಕಡಲು ಕೊಂಡುಹೋದ ಮಳೆಗಾಲದಲ್ಲಿ ಶೆಟ್ಟರ ತಾಯಿ ‘ಬಾ’ ಎಂದು ಕರೆದು ಹಿತ್ತಿಲಿನ ಹಂಚಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅಲೆಯ ಸದ್ದು ಕೇಳದ ಮನೆ ಎಂಬುದೇ ಗಿರಿಜಕ್ಕನಿಗೆ ಅದರ ಸೌಭಾಗ್ಯ. ಈಗ ತಾಯಿ ಇಲ್ಲ. ಮುಂಬಯಿಯ ಹೋಟೆಲು ಮುಚ್ಚಿ ಊರಿಗೆ ಮರಳಿದ ಮಗನಿಗೆ ಅದೇ ಜಾಗದಲ್ಲಿ ಪ್ರವಾಸಿಗರಿಗಾಗಿ ಹೋಂಸ್ಟೇ ಕಟ್ಟುವ ಆಸೆ.

ಆಸೆ ತಪ್ಪೆನ್ನಲಾರೆ. ಆದರೆ ನಮ್ಮದು, ಹೊರಟು ನಿಂತ ನೆಂಟರೂ ಹೋಗುತ್ತೇನೆಂದು ‘ಹೋತೆ’ ಎನ್ನದೆ, ಮತ್ತೆ ಬರುತ್ತೇನೆಂದು ‘ಬತ್ತೆ’ ಎನ್ನುವ ಸೀಮೆ. ದೀಪ ಹಚ್ಚಿ ಬಾಳಿದವರಿಗೆ ‘ಹೋಗಿ’ ಎನ್ನಲು ಇಲ್ಲಿ ಯಾರಿಗೂ ನಾಲಿಗೆ ಏಳುವುದಿಲ್ಲ. ಶೆಟ್ಟರು ಸಜ್ಜನರು. ಹಾಗಾಗಿ ಅವರ ಬದಲಿಗೆ ವಸ್ತುಗಳು ಮಾತಾಡತೊಡಗಿದವು. ಮೊದಲು, ಕುಡಿಯುವ ನೀರೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹಿತ್ತಿಲಿನ ಮನೆಗೆ ನೀರು ಹಾಯಿಸುತ್ತಿದ್ದ ಪಂಪಿನ ಮೋಟರು ಕೆಟ್ಟಿತು. ಆಮೇಲೆ ಗಿರಿಜಕ್ಕ ಓಡಾಡುವ ದಾರಿಯಲ್ಲಿ ಕೆಂಪುಕಲ್ಲುಗಳ ರಾಶಿ ಬಿತ್ತು. ಕಲ್ಲು ಬಿದ್ದ ದಿನವೇ ಶೆಟ್ಟರ ಮನೆಯಿಂದ ಆಕೆಗೆ ಹಲಸಿನ ಹಣ್ಣಿನ ಕಡಬೂ ಹೋಯಿತು. ಕೊನೆಗೆ ರಾಟೆ.

“ಸವ್ದ್ ಹೋಯಿತ್ ಮಾರಾಯ್ರೆ, ಹೊಸದ್ ತರ್ಕ್” ಎಂದು ಹೊಸ ರಾಟೆ ತರುವ ಮಾತಾಡಿದರು ಶೆಟ್ಟರು, ನನ್ನ ಮುಖ ನೋಡದೆ.

ಪದವಿಯಲ್ಲಿ ಒಂದಿಷ್ಟು ಕಾನೂನು ಓದಿದ ಅಹಂಕಾರ ನನ್ನದು. ನೋಟಿಸು ಕೊಡದೆ, ನ್ಯಾಯಾಲಯದ ಆದೇಶವಿಲ್ಲದೆ ಯಾರೂ ನಿಮ್ಮನ್ನು ಎಬ್ಬಿಸುವಂತಿಲ್ಲ ಎಂದು ಗಿರಿಜಕ್ಕನಿಗೆ ಗಂಭೀರವಾಗಿ ಉಪದೇಶಿಸಿದೆ. ಅವರು ನಕ್ಕರು.

“ನೋಟೀಸ್ ಎಂತಕ್ಕೆ ಮಾಷ್ಟ್ರೆ? ಅವ್ರಮ್ಮ ಬಾ ಅಂದ್ರ್, ಬಂದೆ. ಇವ್ರ್ ಬಾಯ್ ಬಿಟ್ಟ್ ಹೋಗ್ ಅನ್ಲಿ, ನಾಳಿಗೇ ಹೋತೆ. ಮೋಟರ್ ಹೇಳ್ತ್, ಕಲ್ಲ್ ಹೇಳ್ತ್ ಅಂದೇಳಿ ಹೋಪುಕೆ ನಾನೆಂತ ಬೆಕ್ಕಾ?”

ನನ್ನ ಕಾನೂನು ಪುಸ್ತಕಗಳಲ್ಲಿ ವಾದಿ, ಪ್ರತಿವಾದಿ, ಅವಧಿ ಎಲ್ಲವೂ ಇದ್ದವು, ರಾಟೆ ಇರಲಿಲ್ಲ. ಗಿರಿಜಕ್ಕ ಬಯಸಿದ್ದ ಆ ಒಂದು ಮಾತೂ ಇರಲಿಲ್ಲ.

ಇನ್ನು ಹೇಳುವುದನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿದರೆ ನೋಡುತ್ತೇನೆ. ಮೊದಲ ಮಳೆ ಬಿದ್ದು ಬಾವಿಕಟ್ಟೆ ಪಾಚಿಗಟ್ಟಿತ್ತು. ಗಿರಿಜಕ್ಕ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಒಂದು ಕಾಲನ್ನು ಕಟ್ಟೆಯ ಮೇಲಿಟ್ಟು, ಬಗ್ಗಿ ನೀರೆಳೆಯುತ್ತಿದ್ದರು. ನಾನು ಕಿಟಕಿಯಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ಕಾಲು ಜಾರಿತು. ತುಂಬಿದ ಕೊಡಪಾನ ಕೆಳಕ್ಕೆ ಸೆಳೆಯಿತು, ಹಗ್ಗ ಕೈ ಬಿಡಲಿಲ್ಲ, ಸೊಂಟದವರೆಗೆ ಅವರು ಬಾವಿಯೊಳಗೆ. ಬಾಯಿ ತುಂಬ ನೊರೆ ತುಂಬಿಕೊಂಡ ಈ ವಾಗ್ಮಿಗೆ ಕೂಗಲೂ ಆಗಲಿಲ್ಲ.

ಅಂಗಳದಲ್ಲಿ ಪೂಜೆಗೆ ದಾಸವಾಳ ಕೊಯ್ಯುತ್ತಿದ್ದ ಶೆಟ್ಟರು ಹೂಬುಟ್ಟಿ ಎಸೆದು ಓಡಿದರು. ಹಿಂದಿನಿಂದ ತಬ್ಬಿ ಎಳೆದರು. ಇಬ್ಬರೂ ಕೆಸರಿಗೆ ಬಿದ್ದರು. ಎದ್ದ ಶೆಟ್ಟರ ಬಾಯಿಂದ ಆ ಮಾತು ತಾನಾಗಿ ಹೊರಬಿತ್ತು:

“ಹೋಯ್ನಿ ಗಿರಿಜಕ್ಕ! ನಿಮ್ಗ್ ಕೈ ಮುಗಿತೆ, ಈ ಮನಿ ಬಿಟ್ಟ್ ಹೋಯ್ನಿ!”

ಗಿರಿಜಕ್ಕ ಮುಂಗೈಗೆ ಬಿಗಿದಿದ್ದ ಹಗ್ಗವನ್ನು ನಿಧಾನವಾಗಿ ಬಿಡಿಸಿಕೊಂಡರು. “ಇಷ್ಟ್ ಹೇಳೂಕೆ ನಾನ್ ಬಾವಿಗ್ ಬೀಳ್ಕಾಯ್ತಾ, ಶೆಟ್ರೆ?”

ಮರುದಿನವೇ ಗಂಟುಮೂಟೆ ಕಟ್ಟಿದರು. ಹೋದದ್ದು ಮರವಂತೆಗೆ, ತಂಗಿಯ ಮನೆಗೆ. ಆ ಮನೆಗೂ ಕಡಲಿಗೂ ನಡುವೆ ಈಗ ಉಳಿದಿರುವುದು ಕೆಲವು ತೆಂಗಿನ ಮರಗಳು, ಒಂದಿಷ್ಟು ಬಂಡೆಗಲ್ಲು. ಆಟೋ ಹತ್ತುವಾಗ ಶೆಟ್ಟರ ಕಡೆ ತಿರುಗಿ, “ಹೋತೆ” ಎಂದರು. ‘ಬತ್ತೆ’ ಎನ್ನಲಿಲ್ಲ. ಶೆಟ್ಟರು ಕಂಬ ಹಿಡಿದು ನಿಂತೇ ಇದ್ದರು.

ಹಳೆಯ ರಾಟೆ ಅಂದು ಸಂಜೆಯೇ ಬಾವಿಗೆ ಮರಳಿತು. ಸವೆದಿರಲಿಲ್ಲವೆಂದು ಬೇರೆ ಹೇಳಬೇಕೆ? ಆದರೆ ಎಳೆಯುವವರಿಲ್ಲದೆ ಅದು ಮೂಕವಾಗಿತ್ತು. ಬೆಳಿಗ್ಗೆ ಎಬ್ಬಿಸುವ ಸದ್ದಿಲ್ಲವೆಂಬ ಅಳುಕಿಗೇ ನಾನೂ ನನ್ನ ಹೆಂಡತಿಯೂ ರಾತ್ರಿಯೆಲ್ಲ ಬೆಚ್ಚಿ ಏಳುತ್ತಿದ್ದೆವು. ಮಳೆಗಾಲ ಮುಗಿಯಿತು. ಹೋಂಸ್ಟೇಗೆಂದು ತಂದ ಕಲ್ಲಿನ ಮೇಲೆ ಹುಲ್ಲು ಬೆಳೆಯಿತು.

ಮೊನ್ನೆ ಬೆಳಿಗ್ಗೆ ರಾಟೆ ಕೂಗಿ ನನ್ನನ್ನು ಎಬ್ಬಿಸಿತು. ನಡುವೆ ಒಮ್ಮೆಯೂ ಏಳದೆ ಇಡೀ ರಾತ್ರಿ ಮಲಗಿದ್ದೆವೆಂಬುದು ಆಗಲೇ ಹೊಳೆದದ್ದು. ಕಿಟಕಿಗೆ ಓಡಿದೆ. ಅಭ್ಯಾಸವಿಲ್ಲದ ಕೈಗಳಿಂದ, ಕಟ್ಟೆಯಿಂದ ದೂರವೇ ನಿಂತು, ಶೆಟ್ಟರು ನೀರು ಸೇದುತ್ತಿದ್ದರು. ಸೇದಿದ್ದನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋಗಿ, ಗಿರಿಜಕ್ಕ ಬಿಟ್ಟುಹೋದ ಬಸಳೆಯ ಬುಡಕ್ಕೆ ಹೊಯ್ದರು. ಇನ್ನೊಂದು ಕೊಡಕ್ಕೆಂದು ಹಿಂತಿರುಗಿದಾಗ ನಮ್ಮ ಕಣ್ಣುಗಳು ಸಂಧಿಸಿದವು. ಶೆಟ್ಟರು ಹಗ್ಗಕ್ಕೆ ಕೈ ಹಾಕಿದರು. ರಾಟೆ ಮತ್ತೆ ಕೂಗಿತು, ನಾನು ಶಪಿಸಲಿಲ್ಲ.