ಗುಡ್ಡಮ್ಮನ ‘ಎಂತ ಇಲ್ಲ’

ಕಿಗ್ಗದ ಗುಡ್ಡಮ್ಮ ಕೊಪ್ಪದ ಸುಮನಾಳ ಮನೆಗೆ ಮಗು ನೋಡಿಕೊಳ್ಳಲು ಬಂದು ಹನ್ನೆರಡು ದಿನವಾಗಿತ್ತು. ಐವತ್ತು ದಾಟಿದ ಹೆಂಗಸು. ಕೈ ಚೊಕ್ಕ, ನಡೆದರೆ ಸದ್ದಿಲ್ಲ. ಹತ್ತು ತಿಂಗಳ ಉಜ್ವಲ್ ಮೊದಲ ದಿನವೇ ಅವಳ ಸೊಂಟವೇರಿ ಕೂತಿದ್ದ.

ಸುಮನಾ ನರಸಿಂಹರಾಜಪುರದ ಕಚೇರಿಯೊಂದಕ್ಕೆ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಮಧ್ಯಾಹ್ನ ಫೋನ್ ಮಾಡಿದರೆ, ಏನೂ ಆಗಿಲ್ಲ ಎಂಬ ಒಂದೇ ಉತ್ತರ ಗುಡ್ಡಮ್ಮನದು: “ಎಂತ ಇಲ್ಲ ಅಮ್ಮ, ಮಾಣಿ ಆರಾಮಿದ್ದಾನೆ.”

“ಮನೆಗೆ ಬೆಂಕಿ ಬಿದ್ರೂ ಇವ್ರು ಎಂತ ಇಲ್ಲ ಅಂತಾರೆ ಮಾರಾಯ್ತಿ,” ಎಂದು ಗಂಡ ಗಂಗಾಧರ್ ನಗಾಡಿದ. ಸುಮನಾಗೆ ನಗು ಬರಲಿಲ್ಲ. ಸೋಮವಾರ ಸಂಜೆ ಬಂದರೆ ಮಗುವಿನ ಹಣೆ ಮೇಲೆ ಬುಗುಟು. ಬುಧವಾರ ಸಂಜೆ ಬಂದರೆ, ಬೆಳಿಗ್ಗೆ ಮಗುವಿಗೆ ಹಾಸಿದ್ದ ಬಟ್ಟೆಯೆಲ್ಲ ಒಗೆದು ತಂತಿಯ ಮೇಲಿತ್ತು. ಎದುರು ನಿಂತು ಕೇಳಿದ ಮೇಲೆ, “ಎರಡು ಸಲ ಕಕ್ಕಿದ,” ಎಂದಳು ಗುಡ್ಡಮ್ಮ.

“ಫೋನಲ್ಲಿ ಯಾಕೆ ಹೇಳ್ಲಿಲ್ಲ?”

ಗುಡ್ಡಮ್ಮ ತಂತಿಯ ಮೇಲಿನ ಬಟ್ಟೆ ತೆಗೆದು ಮಡಚತೊಡಗಿದಳು.

ಶುಕ್ರವಾರ ಫೋನ್ ಮಾಡಿದಾಗಲೂ ಅದೇ ಉತ್ತರ. ಆದರೆ ಮಗುವಿನ ಸದ್ದಿಲ್ಲ. ಹಿಂದೆ ಬಟ್ಟೆ ಹಿಂಡುವ, ನೀರು ಬೀಳುವ ಸದ್ದು ಮಾತ್ರ.

“ಉಜ್ವಲ್‌ನ ಹತ್ರ ಫೋನ್ ಹಿಡೀರಿ ನೋಡುವ.”

“ಮಲಗಿದ್ದಾನೆ ಅಮ್ಮ.”

ಸುಮನಾ ರಜೆ ಚೀಟಿಯನ್ನೂ ಬರೆಯದೆ ಸ್ಕೂಟರ್ ಹತ್ತಿ ಹೊರಟಳು. ಮನೆಯಲ್ಲಿ ಗುಡ್ಡಮ್ಮನ ಮಡಿಲಲ್ಲಿ, ಹಣೆಗೆ ಒದ್ದೆ ಬಟ್ಟೆ ಹಾಕಿದ್ದರೂ, ಮಗು ಕೆಂಡದ ಹಾಗೆ ಸುಡುತ್ತಿತ್ತು. ಇನ್ನೂ ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು ಎಂದರು ಡಾಕ್ಟರು.

“ನಾಳೆಯಿಂದ ನೀವು ಬರೋದು ಬೇಡ,” ಆಸ್ಪತ್ರೆಯ ಬೆಂಚಿನ ಮೇಲೆ ಸುಮನಾ ಹೇಳಿದಳು.

“ಆಯ್ತು.” ಗುಡ್ಡಮ್ಮ ಏಳಲಿಲ್ಲ. “ಮುಂಚೆ ಶೃಂಗೇರೀಲಿ ಒಂದು ಮನೇಲಿದ್ದೆ. ಕೂಸು ಬಿದ್ದು ಬಾಯಲ್ಲಿ ರಕ್ತ ಬಂತು ಅಂತ ತಾಯಿಗೆ ಫೋನ್ ಮಾಡ್ದೆ. ಗಾಡಿ ಓಡಿಸ್ಕೊಂಡು ಬಂದ್ರು. ತಿರುವಲ್ಲಿ ಲಾರಿ. ಮನೆ ಮುಟ್ಟಲೇ ಇಲ್ಲ. ಕೂಸಿಗೆ ತುಟಿ ಒಡೆದಿತ್ತು, ಅಷ್ಟೇ ಅಮ್ಮ.”

ಸುಮನಾ ತನ್ನ ಅಂಗೈ ನೋಡಿಕೊಂಡಳು. ಇವತ್ತು ತಾನು ಸ್ಕೂಟರ್ ಓಡಿಸಿಕೊಂಡು ಹೇಗೆ ಬಂದೆ ಎಂಬುದೇ ಅವಳಿಗೆ ನೆನಪಿರಲಿಲ್ಲ.

“ನಾಳೆ ಬನ್ನಿ. ಆದ್ರೆ ಇನ್ನು ಇದ್ದದ್ದು ಇದ್ದ ಹಾಗೆ ಹೇಳಿ ಗುಡ್ಡಮ್ಮ,” ಎಂದಳು ಕೊನೆಗೆ. “ಮೊದ್ಲು ನಮ್ಮನೆಯವ್ರಿಗೆ ಫೋನ್ ಮಾಡಿ, ಅವ್ರು ಊರಲ್ಲೇ ಇರ್ತಾರೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಆಮೇಲೆ ನಂಗೆ. ನಾನು ಬಸ್ಸಲ್ಲೇ ಬರ್ತೀನಿ, ಗಾಡಿ ಮುಟ್ಟಲ್ಲ.”

“ಆಣೆ ಮಾಡಿ.”

ಸುಮನಾ ಮಾಡಿದಳು.

ಮಂಗಳವಾರ ಹನ್ನೊಂದಕ್ಕೆ ಗುಡ್ಡಮ್ಮನ ಫೋನ್ ಬಂತು. ಅವಳು ತಾನಾಗಿ ಮಾಡಿದ್ದು ಅದೇ ಮೊದಲು. “ಅಮ್ಮ, ಮಾಣಿಗೆ ಮತ್ತೆ ಜ್ವರ ಬಂತು, ಕಣ್ಣು ಮೇಲೆ ಮಾಡ್ದ. ಗಂಗಾಧರಣ್ಣನಿಗೆ ಹೇಳಿದ್ದೇನೆ, ಬರ್ತಾ ಇದ್ದಾರೆ.”

ಸ್ಕೂಟರಿನ ಕೀ ಸುಮನಾಳ ಮುಷ್ಟಿಯಲ್ಲಿತ್ತು. ಅದನ್ನು ಮೇಜಿನ ಮೇಲಿಟ್ಟು ಬಸ್ ನಿಲ್ದಾಣಕ್ಕೆ ಓಡಿದಳು. ಕೊಪ್ಪದ ಬಸ್ಸು ನಿಂತಿತ್ತು. ಹೊರಡಲು ಇನ್ನೂ ಇಪ್ಪತ್ತು ನಿಮಿಷ ಎಂದ ಕಂಡಕ್ಟರ್.

ಅವಳು ಹತ್ತಿ ಕೂತಳು.